ಅಂಗಡಿಯ ಫೋಲ್ಡರ್ ಒಂದೇ ಕಾಪಿ ಮಾಡಿ ಹಳೇ ಡಿಸ್ಕ್ ಅಳಿಸಬೇಡಿ

ಬಿಲ್ಲಿಂಗ್‌ಗೆ ಮೈಎಸ್‌ಕ್ಯೂಎಲ್ (ಲೆಕ್ಕವನ್ನು ಟೇಬಲ್‌ಗಳಲ್ಲಿ ಇಡುವ ಡೇಟಾಬೇಸ್ ಸಾಫ್ಟ್‌ವೇರ್) ಬಳಸುವವರು ಕಂಪ್ಯೂಟರ್ ಬದಲಾಯಿಸುವ ಮುಂಚೆ ಇದನ್ನು ಓದಿ.

ಮಂಗಳೂರು ಬಂದರಿನ ಒಂದು ಹೋಲ್‌ಸೇಲ್ ದಿನಸಿ ಅಂಗಡಿ. ಸಿಡಿಲಿಗೆ ಕಂಪ್ಯೂಟರ್‌ನ ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಉಳಿಯಿತು. ರಿಪೇರಿಗೆ ಬಂದವರು ಡೇಟಾಬೇಸ್ ಹೆಸರಿನ ಫೋಲ್ಡರ್ ಒಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, "ಎಲ್ಲಾ ಉಂಟು ಮಾರಾಯ್ರೆ" ಅಂತ ಹೇಳಿ, ಅದೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದರು. ನನ್ನನ್ನು ಕರೆದದ್ದು ಆಮೇಲೆ.

ಫೋಲ್ಡರನ್ನು ಹೊಸ ಸರ್ವರಿಗೆ ಹಾಕಿದೆ. ಟೇಬಲ್‌ಗಳ ಹೆಸರೆಲ್ಲ ಸಾಲಾಗಿ ಬಂದವು. ಯಾವುದನ್ನು ತೆರೆದರೂ 1146 ಎರರ್, ಅಂಥ ಟೇಬಲ್ಲೇ ಇಲ್ಲ! ಹೆಸರು ಕಾಣುವುದು ಬರೀ .ಎಫ್‌ಆರ್‌ಎಂ ಫೈಲಿನಿಂದ, ಅದರಲ್ಲಿರುವುದು ಟೇಬಲಿನ ರಚನೆ ಮಾತ್ರ. ಟೇಬಲ್‌ಗಳನ್ನು ನೋಡಿಕೊಳ್ಳುವ ಮೈಎಸ್‌ಕ್ಯೂಎಲ್‌ನ ಭಾಗ ಇನೊಡಿಬಿ; 5.7ರವರೆಗಿನ ವರ್ಷನ್‌ಗಳಲ್ಲಿ ಅದು ಟೇಬಲ್‌ಗಳ ಪಟ್ಟಿಯನ್ನು ಇಟ್ಟುಕೊಳ್ಳುತ್ತಿದ್ದುದು ಐಬಿಡೇಟಾ1 ಎಂಬ ಫೈಲಿನಲ್ಲಿ. ಆ ಫೈಲು ಡೇಟಾಬೇಸ್ ಫೋಲ್ಡರಿನ ಹೊರಗೆ ಇರುತ್ತೆ. ಅದನ್ನು ಕಾಪಿ ಮಾಡಿರಲೇ ಇಲ್ಲ.

ಹಾಗಂತ ಎಲ್ಲವೂ ಹೋಗಲಿಲ್ಲ. ಅದೇ ಸಾಫ್ಟ್‌ವೇರಿನಿಂದ ಖಾಲಿ ಟೇಬಲ್ ಮಾಡಿ, ಡಿಸ್ಕಾರ್ಡ್ ಟೇಬಲ್‌ಸ್ಪೇಸ್ (ಖಾಲಿ ಟೇಬಲಿನ ಡೇಟಾ ಫೈಲ್ ತೆಗೆಯುವ ಆದೇಶ) ಕೊಟ್ಟು, ಆ ಜಾಗಕ್ಕೆ ಹಳೇ .ಐಬಿಡಿ ಫೈಲ್ (ಟೇಬಲಿನ ಡೇಟಾ ಇರುವುದು) ಇಟ್ಟು, ಇಂಪೋರ್ಟ್ ಕೊಟ್ಟೆ. ಮೊದಲು 1808 ಎರರ್ ಬಂತು, ಎರಡೂ ಕಡೆಯ ರಚನೆ ಹೊಂದುತ್ತಿಲ್ಲ ಅಂತ. ಹಳೆಯ ಮೈಎಸ್‌ಕ್ಯೂಎಲ್ ವರ್ಷನ್ 5.6, ಹೊಸದು 5.7. 5.7ರಲ್ಲಿ ರೋ ಫಾರ್ಮ್ಯಾಟ್ (ಸಾಲುಗಳನ್ನು ಫೈಲಿನಲ್ಲಿ ಬರೆಯುವ ರೀತಿ) ತಾನಾಗಿ ಡೈನಾಮಿಕ್ ಆಗುತ್ತೆ, ಹಳೆಯದರಲ್ಲಿ ಕಾಂಪ್ಯಾಕ್ಟ್. ಖಾಲಿ ಟೇಬಲನ್ನೂ ಕಾಂಪ್ಯಾಕ್ಟ್ ಮಾಡಿದ ಮೇಲೆ ಸ್ಟಾಕ್, ಬಿಲ್ಲು ಎಲ್ಲ ಬಂತು.

ಉದ್ರಿ ಖಾತೆ ಮಾತ್ರ ಬರಲಿಲ್ಲ. ಅದಕ್ಕೆ .ಐಬಿಡಿ ಫೈಲೇ ಇರಲಿಲ್ಲ. 5.5ರ ಕಾಲದ ಟೇಬಲ್ ಅದು, ಆಗ ಡೇಟಾ ಕೂಡ ಐಬಿಡೇಟಾ1ರ ಒಳಗೇ ಹೋಗುತ್ತಿತ್ತು. ಸರ್ವರ್ ಅಪ್‌ಗ್ರೇಡ್ ಆದರೂ ಅದು ಅಲ್ಲೇ ಉಳಿದಿತ್ತು. ಯಾರಿಂದ ಎಷ್ಟು ಬರಬೇಕು ಅಂತ ಈಗ ಬಿಲ್ಲಿನ ಕಾರ್ಬನ್ ಕಾಪಿ ನೋಡಿ ಟೈಪ್ ಮಾಡುತ್ತಿದ್ದಾರೆ. ಮಾಲು ಒಯ್ದವರು ತಾವಾಗಿಯೇ ಬಂದು ಹೇಳುತ್ತಾರಾ?

ನಿಮಗೂ ಫೈಲ್ ಕಾಪಿಯೇ ಗತಿ ಅಂತಾದರೆ, ಸರ್ವರ್ ನಿಲ್ಲಿಸಿ ಡೇಟಾ ಡೈರೆಕ್ಟರಿಯನ್ನು ಇಡೀಯಾಗಿ ತೆಗೆಯಿರಿ: ಐಬಿಡೇಟಾ1, ಐಬಿ_ಲಾಗ್‌ಫೈಲ್‌ಗಳು (ಇನೊಡಿಬಿಯ ಬದಲಾವಣೆಗಳ ಲಾಗ್; ಹಳೇ ವರ್ಷನ್‌ಗಳಲ್ಲಿ ಸಾಮಾನ್ಯವಾಗಿ ಎರಡು), ಮೈಎಸ್‌ಕ್ಯೂಎಲ್ ಫೋಲ್ಡರ್, ಎಲ್ಲ. ಅದೇ ವರ್ಷನ್ನಿನ ಸರ್ವರಿನಲ್ಲಿ ತೆರೆದು ನೋಡಿ, ಒಂದೆರಡು ಹಳೇ ಬಿಲ್ಲು ಹುಡುಕಿ. ಆಮೇಲೆ ಡಂಪ್ (ಡೇಟಾಬೇಸನ್ನು ಪಠ್ಯ ಫೈಲಾಗಿ ಬರೆದ ಬ್ಯಾಕಪ್) ತೆಗೆದಿಡಿ. ಅಲ್ಲಿಯವರೆಗೆ ಹಳೇ ಡಿಸ್ಕ್ ಮುಟ್ಟಲು ಬಿಡಬೇಡಿ, ಯಾರು ಎಷ್ಟೇ ಅವಸರ ಮಾಡಲಿ.

ಇನ್ನೊಂದು. ಸರ್ವರ್ ಏಳಲಿಲ್ಲ ಅಂತ ಯಾರೋ ಇನೊಡಿಬಿ ಫೋರ್ಸ್ ರಿಕವರಿಯನ್ನು (ಕೆಟ್ಟ ಡೇಟಾ ಇದ್ದರೂ ಸರ್ವರನ್ನು ಒತ್ತಾಯದಿಂದ ಏಳಿಸುವ ಸೆಟ್ಟಿಂಗ್) ಸೀದಾ 6ಕ್ಕೆ ಇಡಲು ಹೇಳಬಹುದು. 1ರಿಂದ ಶುರು ಮಾಡಿ. 4 ಅಥವಾ ಅದಕ್ಕಿಂತ ಮೇಲೆ ಇಟ್ಟರೆ ಫೈಲುಗಳೇ ಶಾಶ್ವತವಾಗಿ ಕೆಡಬಹುದು. ಅದನ್ನೂ ಇನ್ನೊಂದು ಕಾಪಿಯ ಮೇಲೆ ಮಾಡಿ.