ವಾಲ್-ಕಿಲ್: ಎಲಿನಾರ್ ರೂಸ್‌ವೆಲ್ಟ್ ಅವರ ಮನೆಯ ವೀಕ್ಷಣೆ

ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸ್ಪ್ರಿಂಗ್‌ವುಡ್ ಬಂಗಲೆಗೆ ಮೊದಲ ಆದ್ಯತೆ ನೀಡುತ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ತೊರೆಯೊಂದರ ದಡದಲ್ಲಿದೆ ವಾಲ್-ಕಿಲ್; ಅದು ಅಧ್ಯಕ್ಷರ ಪತ್ನಿ ಎಲಿನಾರ್ ಅವರ ಮನೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಇದನ್ನು ನೋಡಿಕೊಳ್ಳುತ್ತಿದ್ದು, ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಒಳಗೆ ಪ್ರವೇಶವಿದೆ. ನನ್ನ ಅಭಿಪ್ರಾಯದಲ್ಲಿ ಎರಡರ ಪೈಕಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಈ ಚಿಕ್ಕ ಮನೆಯೇ. ಆದರೆ ಸ್ಪ್ರಿಂಗ್‌ವುಡ್ ನೋಡದೆ ಇಲ್ಲಿಗೆ ಬಂದರೆ ಇದರ ಮಹತ್ವ ಅರ್ಧದಷ್ಟೇ ತಿಳಿದೀತು.

ಕಾರಣವಿಷ್ಟೇ: ಸ್ಪ್ರಿಂಗ್‌ವುಡ್ ಅತ್ತೆ ಸಾರಾ ಅವರ ಮನೆಯಾಗಿತ್ತು. ಅಂಥ ಮನೆಯಲ್ಲಿ ಸೊಸೆಯ ಸ್ಥಾನ ಯಾವುದೆಂದು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಎಲಿನಾರ್ ಮತ್ತು ಅವರ ಗೆಳತಿಯರು 1920ರ ದಶಕದಲ್ಲಿ, ಸುತ್ತಲಿನ ರೈತ ಕುಟುಂಬಗಳ ಯುವಕರಿಗೆ ಬೇಸಾಯದ ಜೊತೆಗೆ ಇನ್ನೊಂದು ಆದಾಯ ದೊರೆಯಲೆಂದು ಇಲ್ಲಿ ಪೀಠೋಪಕರಣಗಳ ಕಾರ್ಖಾನೆಯೊಂದನ್ನು ಆರಂಭಿಸಿದರು. ಅದು ಮುಚ್ಚಿದ ಬಳಿಕ ಆ ಕಟ್ಟಡವನ್ನೇ ಮಾರ್ಪಡಿಸಿ ಮನೆ ಮಾಡಿಕೊಂಡರು. 1945ರಲ್ಲಿ ಪತಿ ತೀರಿಕೊಂಡ ಮೇಲೆ, 1962ರಲ್ಲಿ ತಾವು ಸಾಯುವವರೆಗೂ, ಇದೇ ಅವರ ಹೈಡ್ ಪಾರ್ಕ್‌ನ ಮನೆಯಾಗಿತ್ತು.

ಒಳಗೆ ವೈಭವವೆಂಬುದು ಎಲ್ಲಿಯೂ ಇಲ್ಲ. ಮರದ ಹಲಗೆ ಹೊದಿಸಿದ ಗೋಡೆಗಳ ತುಂಬ ಫೋಟೊಗಳಿವೆ. ಕುರ್ಚಿಗಳು ಒಂದಕ್ಕೊಂದು ಜೋಡಿಯಾಗುವುದಿಲ್ಲ. ಕೋಣೆಗಳು ಸಾಧಾರಣ ಗಾತ್ರದವು. ನೆಹರೂ, ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ, ಸೋವಿಯತ್ ನಾಯಕ ಕ್ರುಶ್ಚೇವ್ ಮೊದಲಾದವರು ಅತಿಥಿಗಳಾಗಿ ಬಂದದ್ದು ಇಲ್ಲಿಗೆ. 1960ರ ಆಗಸ್ಟ್‌ನಲ್ಲಿ, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾನ್ ಕೆನಡಿ ಎಲಿನಾರ್ ಅವರ ಬೆಂಬಲ ಕೋರಿ ಬಂದದ್ದೂ ಇಲ್ಲಿಗೇ. ಆದರೆ ಗಣ್ಯರ ಪಟ್ಟಿಗಿಂತ ನನಗೆ ಮುಖ್ಯವೆನಿಸಿದ್ದು ವಿಲ್ಟ್‌ವಿಕ್ ಶಾಲೆಯ ಹುಡುಗರ ವಿಷಯ. ಸಂಕಷ್ಟಕ್ಕೆ ಸಿಲುಕಿದ, ಬಹುಪಾಲು ಕಪ್ಪು ಕುಟುಂಬಗಳ ಆ ಮಕ್ಕಳನ್ನು ಎಲಿನಾರ್ ಪ್ರತಿವರ್ಷ ಇಲ್ಲಿನ ಅಂಗಳಕ್ಕೆ ಕರೆಸಿ, ತಾವೇ ಊಟ ಬಡಿಸಿ, ಕತೆ ಓದಿ ಹೇಳುತ್ತಿದ್ದರು. 1939ರಲ್ಲಿ ಗಾಯಕಿ ಮರಿಯನ್ ಆಂಡರ್ಸನ್ ಅವರಿಗೆ ಬಣ್ಣದ ಕಾರಣಕ್ಕೆ ಸಭಾಂಗಣ ನಿರಾಕರಿಸಿದ ಮಹಿಳಾ ಸಂಘಕ್ಕೆ ರಾಜೀನಾಮೆ ಕೊಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. ಸಾರ್ವಜನಿಕವಾಗಿ ಹಾಗೆ ನಡೆದುಕೊಂಡವರು ತಮ್ಮ ಮನೆಯ ಅಂಗಳದಲ್ಲಿ ಹೇಗಿದ್ದರೆಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇಷ್ಟಾದರೂ ಮನೆಯೊಂದನ್ನೇ ನೋಡಿ ವ್ಯಕ್ತಿಯನ್ನು ಅಳೆಯಲಾಗದು. ಭಾರತದ ಹಂಸಾ ಮೆಹ್ತಾ ಅವರೂ ಸದಸ್ಯೆಯಾಗಿದ್ದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆಯಾಗಿ ಎಲಿನಾರ್ ದುಡಿದು, 1948ರ ಡಿಸೆಂಬರ್ 10ರಂದು ಸಾರ್ವತ್ರಿಕ ಘೋಷಣೆ ಅಂಗೀಕಾರವಾಗುವಂತೆ ನೋಡಿಕೊಂಡರು: ಪರವಾಗಿ 48 ಮತ, ವಿರೋಧವಾಗಿ ಒಂದೂ ಇಲ್ಲ, ತಟಸ್ಥರು 8. ಅದೇ ಎಲಿನಾರ್, ಅಮೆರಿಕದ ಕಪ್ಪು ಜನರ ಮೇಲಿನ ಅನ್ಯಾಯದ ಕುರಿತು 1947ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಕೆಯಾದ ಮನವಿಯನ್ನು ಅಲ್ಲಿ ಬೆಂಬಲಿಸಲಿಲ್ಲ. ಸರ್ಕಾರದ ಪ್ರತಿನಿಧಿ ಎಂಬ ಸ್ಥಾನ ಅವರ ಕೈ ಕಟ್ಟಿತ್ತು. ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯನ್ನೂ, ಮಹಿಳಾ ಕಾರ್ಮಿಕರಿಗೆ ಇದ್ದ ವಿಶೇಷ ಕಾನೂನು ರಕ್ಷಣೆ ಹೋದೀತೆಂದು, ಅವರು ಬಹುಕಾಲ ವಿರೋಧಿಸಿದ್ದರು. ಇಂಥ ತೊಡಕುಗಳನ್ನು ಕುರ್ಚಿ, ಮೇಜು, ಫೋಟೊಗಳು ಹೇಳಲಾರವು. ಆದ್ದರಿಂದ ಸ್ಪ್ರಿಂಗ್‌ವುಡ್ ಪಕ್ಕದಲ್ಲಿರುವ ಅಧ್ಯಕ್ಷೀಯ ಗ್ರಂಥಾಲಯದ ವಸ್ತುಸಂಗ್ರಹಾಲಯಕ್ಕೂ ಸಮಯ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಂಗತಿ ತಿಳಿದಿರಲಿ. ಎಲಿನಾರ್ ನಿಧನರಾದ ಬಳಿಕ ಮನೆಯ ಸಾಮಾನು ಚದುರಿಹೋಗಿ, ಕಟ್ಟಡ ಬಾಡಿಗೆ ಮನೆಗಳಾಗಿ ಒಡೆದುಹೋಗಿತ್ತು. ಸ್ಥಳೀಯರು ಪಟ್ಟು ಹಿಡಿದ ಮೇಲೆ 1977ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಸಾರ್ವಜನಿಕರಿಗೆ ತೆರೆದದ್ದು 1984ರಲ್ಲಿ. ಹಾಗಾಗಿ ಕಾಣುವುದೆಲ್ಲ ಅಂದು ಇದ್ದಲ್ಲಿಯೇ ಉಳಿದುಬಂದದ್ದೆಂದು ಭಾವಿಸಬೇಕಿಲ್ಲ.

ನ್ಯೂಯಾರ್ಕ್ ನಗರದಿಂದ ಬರುವವರು ಪೊಕಿಪ್ಸಿಯವರೆಗೆ ರೈಲಿನಲ್ಲಿ ಬಂದು, ಮುಂದಕ್ಕೆ ಟ್ಯಾಕ್ಸಿ ಹಿಡಿಯಬಹುದು. ವೀಕ್ಷಣೆಯ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಿ. ಅರಮನೆಯಂಥ ಕೋಣೆಗಳನ್ನು ನಿರೀಕ್ಷಿಸುವವರಿಗೆ ಸ್ಪ್ರಿಂಗ್‌ವುಡ್ ಒಂದೇ ಸಾಕು.