ಭಾನುವಾರದ ಕ್ವಾಂಟಮ್ ಜಗಳಕ್ಕೊಂದು ಡಬ್ಬಿ: ಸಾಮಾನು ಒಳ್ಳೆಯದು, ಪುಸ್ತಿಕೆ ಕೆಟ್ಟದ್ದು

ಕಲಬುರಗಿಯಲ್ಲಿ ನಾಲ್ಕು ಮಂದಿ ಸೂಸಲಾ, ಮಿರ್ಚಿ ಮುಂದಿಟ್ಟುಕೊಂಡು ಕ್ವಾಂಟಮ್ ಮಾತು ತೆಗೆದರೆ ಅರ್ಧ ತಾಸಿನೊಳಗೆ ಒಬ್ಬರು "ನಾವು ನೋಡಿದ್ರ ಫೋಟಾನಿಗಿ ಗೊತ್ತಾಗ್ತದ್ರಿ" ಅಂದೇ ಅನ್ನುತ್ತಾರೆ (ಫೋಟಾನ್ ಎಂದರೆ ಬೆಳಕಿನ ಕಣ). "ಅದೇ ಚೈತನ್ಯ, ಹಿರಿಯರು ಆವಾಗೇ ಹೇಳ್ಯಾರ" ಎಂದು ಇನ್ನೊಬ್ಬರ ಒಗ್ಗರಣೆ. ಅಲ್ಲಿಂದ ಮುಂದೆ ದನಿ ಏರುತ್ತದೆ, ವಿಷಯ ಇದ್ದಲ್ಲೇ ಇರುತ್ತದೆ.

ಆನ್‌ಲೈನಿನಲ್ಲಿ ಸಿಗುವ 'ತರಂಗ-ಕಣ' ಪ್ರಯೋಗದ ಕಿಟ್ ಇಂಥ ಕೂಟಗಳ ಮೇಲೆ ಕಣ್ಣಿಟ್ಟೇ ತಯಾರಾದಂತಿದೆ. ಒಂದೇ ಡಬ್ಬಿ ಮೂರ್ನಾಲ್ಕು ಹೆಸರಿನಲ್ಲಿ ಮಾರಾಟವಾಗುವುದರಿಂದ ಹೆಸರು ಬಿಟ್ಟು ಸಾಮಾನು ಹೇಳುವುದೇ ಸರಿ. ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ಉರಿಯುವ ಕೆಂಪು ಲೇಸರ್ (ತರಂಗಾಂತರ 650 ನ್ಯಾನೊಮೀಟರ್, 5 ಮಿಲಿವಾಟಿಗಿಂತ ಕಡಿಮೆ ಎಂಬ ಚೀಟಿ), ಜೋಡಿ ಸೀಳು ಮುದ್ರಿಸಿದ ಫಿಲ್ಮ್ ಸ್ಲೈಡು, ಮಿಲಿಮೀಟರಿಗೆ 500 ಗೆರೆಯ ಗ್ರೇಟಿಂಗ್ (ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸುವ ಸೂಕ್ಷ್ಮ ಗೆರೆಗಳ ಹಾಳೆ), ಅಂಗೈಯಗಲದ ಮೂರು ಪೋಲರಾಯ್ಡ್ ಫಿಲ್ಮು (ಒಂದೇ ದಿಕ್ಕಿನಲ್ಲಿ ಅಲುಗುವ ಬೆಳಕನ್ನಷ್ಟೇ ಬಿಡುವಂಥವು), ನಾಲ್ಕು ಬಣ್ಣದ ಎಲ್‌ಇಡಿ, ಒಂದು ಪೊಟೆನ್ಶಿಯೊಮೀಟರ್ (ವೋಲ್ಟೇಜ್ ಏರಿಳಿಸುವ ತಿರುಗುಗುಂಡಿ), ಪ್ಲಾಸ್ಟಿಕ್ ಸ್ಟ್ಯಾಂಡುಗಳು, ಒಂದು ತೆಳು ಪುಸ್ತಿಕೆ. ಬೆಲೆ ಎರಡು ಸಾವಿರದ ಆಸುಪಾಸು. ಡಬ್ಬಿಯ ಮೇಲೆ ಕಪ್ಪುಕುಳಿಯ ದೊಡ್ಡ ಚಿತ್ರವಿದೆ. ಒಳಗೆ ಅದಕ್ಕೆ ಸಂಬಂಧಪಟ್ಟದ್ದು ಒಂದು ಸ್ಕ್ರೂ ಕೂಡ ಇಲ್ಲ.

ಮೊದಲು ಸ್ಟ್ಯಾಂಡಿನ ವಿಷಯ, ಏಕೆಂದರೆ ಬಹಳ ಮಂದಿ ಅಲ್ಲೇ ಸೋತು ಡಬ್ಬಿ ಅಟ್ಟಕ್ಕೆ ಹಾಕುತ್ತಾರೆ. ಅವು ಹಗುರ, ಫ್ಯಾನಿನ ಗಾಳಿಗೆ ಅಲುಗುತ್ತವೆ, ಲೇಸರ್ ಬೆಳಕು ಸೀಳು ಹಾದು ಗೋಡೆಯ ಮೇಲೆ ಮೂಡಿಸುವ ಬೆಳಕು-ಕತ್ತಲೆಯ ಪಟ್ಟಿಗಳು ಕುಣಿಯುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಯಾವ ಮನೆಯಲ್ಲೂ ಫ್ಯಾನ್ ಆರಿಸಿ ಎನ್ನಲಾಗದು. ಮನೆ ಕಟ್ಟುವಾಗ ಉಳಿದ ಶಹಾಬಾದ್ ಫರ್ಸಿಯ ತುಂಡೊಂದನ್ನು, ಒಂದು ಅಡಿ ಅಗಲ ಎರಡು ಅಡಿ ಉದ್ದ ಇದ್ದರೆ ಸಾಕು, ಮೇಜಿನ ಮೇಲಿಟ್ಟು ಸ್ಟ್ಯಾಂಡುಗಳನ್ನು ಎರಡೂ ಬದಿ ಅಂಟುವ ಟೇಪಿನಿಂದ ಅದಕ್ಕೆ ಕೂಡಿಸಿ. ಕಲ್ಲಿನ ಭಾರಕ್ಕೆ ಅಲುಗಾಟ ನಿಲ್ಲುತ್ತದೆ. ಲೇಸರಿನ ಗುಂಡಿಯನ್ನು ಬೆರಳಿನಲ್ಲಿ ಒತ್ತಿಹಿಡಿಯುವ ಬದಲು ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದರೆ ಅರ್ಧ ಕೆಲಸ ಮುಗಿದಂತೆ.

ಈಗ ಅಳತೆ. ಪುಸ್ತಿಕೆ ನೇರ ಜೋಡಿ ಸೀಳಿಗೆ ಕರೆದೊಯ್ಯುತ್ತದೆ. ಅದು ತಪ್ಪು ಕ್ರಮ. ಮೊದಲು ಲೇಸರನ್ನೇ ಪರೀಕ್ಷಿಸಬೇಕು. ಗ್ರೇಟಿಂಗನ್ನು ಗೋಡೆಯಿಂದ ಸರಿಯಾಗಿ 1 ಮೀಟರ್ ದೂರದಲ್ಲಿ, ಗೋಡೆಗೆ ಸಮಾನಾಂತರವಾಗಿ ಇಡಿ. ನಡುವಿನ ಚುಕ್ಕೆಯ ಎಡಬಲಕ್ಕೆ ಚುಕ್ಕೆಗಳು ಬೀಳುತ್ತವೆ, ನಡುವಿಗೆ ಹತ್ತಿರದ ಒಂದೊಂದನ್ನು ಮಾತ್ರ ಹಿಡಿಯಿರಿ. 650 ನ್ಯಾನೊಮೀಟರ್ ನಿಜವಾದರೆ ಆ ಎರಡರ ನಡುವಿನ ದೂರ 68.7 ಸೆಂ.ಮೀ. ಇರಬೇಕು. ಪರೀಕ್ಷೆಗೆ ಬಂದ ಡಬ್ಬಿಯಲ್ಲಿ 69.3 ಬಂತು, ಎಂದರೆ ತರಂಗಾಂತರ 655. ಇದು ದೋಷವಲ್ಲ. ಅಗ್ಗದ ಕೆಂಪು ಡಯೋಡುಗಳಲ್ಲಿ ಇಷ್ಟು ಏರುಪೇರು ಇದ್ದದ್ದೇ, ಮೇಲಾಗಿ ಬಿಸಿ ಏರಿದಂತೆ ಡಿಗ್ರಿಗೆ ಸುಮಾರು 0.2 ನ್ಯಾನೊಮೀಟರ್ ತರಂಗಾಂತರ ಹೆಚ್ಚುತ್ತದೆ. ಡಿಸೆಂಬರಿನ ಬೆಳಗಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ಇದೇ ಲೇಸರ್ ನಾಲ್ಕೈದು ನ್ಯಾನೊಮೀಟರ್ ಸರಿಯಬಹುದು. ಎಡಬಲದ ಚುಕ್ಕೆಗಳು ನಡುಚುಕ್ಕೆಯಿಂದ ಸಮದೂರದಲ್ಲಿ ಇಲ್ಲದಿದ್ದರೆ ಗ್ರೇಟಿಂಗ್ ವಾರೆಯಾಗಿದೆ ಎಂದರ್ಥ, ಅದನ್ನು ತಿದ್ದದೆ ಮುಂದೆ ಹೋಗಬೇಡಿ.

ಲೇಸರ್ ಗೊತ್ತಾದ ಮೇಲೆ ಸೀಳು. ಸ್ಲೈಡಿನ ನಡುವಿನ ಜೋಡಿಗೆ 0.25 ಮಿ.ಮೀ. ಅಂತರ ಎಂದು ಬರೆದಿದೆ. ಗೋಡೆ 3 ಮೀಟರ್ ದೂರವಿದ್ದರೆ ಪಟ್ಟಿಯಿಂದ ಪಟ್ಟಿಗೆ ಸುಮಾರು 7.9 ಮಿ.ಮೀ. ಬರಬೇಕು. ಒಂದು ಪಟ್ಟಿ ಅಳೆಯಲು ಹೋಗಬಾರದು. ಗೋಡೆಗೆ ಬಿಳಿ ಹಾಳೆ ಅಂಟಿಸಿ, ಎಡಕ್ಕೆ ಐದು ಬಲಕ್ಕೆ ಐದು ಪಟ್ಟಿಗಳ ನಡುವಿಗೆ ಪೆನ್ಸಿಲ್ ಗುರುತು ಹಾಕಿ, ಹತ್ತು ಅಂತರವನ್ನು ಒಟ್ಟಿಗೆ ಅಳೆದು ಭಾಗಿಸಿ. ಐದನ್ನು ದಾಟಿ ಎಣಿಸಬೇಡಿ: ಸೀಳಿಗೂ ತನ್ನದೇ ಅಗಲವಿದೆ, ಅದರ ವಿವರ್ತನೆಯಿಂದಾಗಿ (ಇಕ್ಕಟ್ಟಿನಲ್ಲಿ ಹಾಯುವ ಬೆಳಕು ಬಾಗಿ ಹರಡುವುದು) ಆರನೆಯ ಪಟ್ಟಿಯ ಸುತ್ತ ಬೆಳಕು ಸತ್ತುಹೋಗುತ್ತದೆ, ಅಲ್ಲಿ ಒಂದು ಪಟ್ಟಿ ತಪ್ಪಿದರೆ ಲೆಕ್ಕವೆಲ್ಲ ಕೆಟ್ಟಂತೆ. ಈ ಡಬ್ಬಿಯಲ್ಲಿ ಹತ್ತು ಅಂತರಕ್ಕೆ 71 ಮಿ.ಮೀ. ಸಿಕ್ಕಿತು. 655 ನ್ಯಾನೊಮೀಟರನ್ನು 3 ಮೀಟರಿನಿಂದ ಗುಣಿಸಿ 7.1 ಮಿ.ಮೀ.ಯಿಂದ ಭಾಗಿಸಿದರೆ ಸೀಳಿನ ಅಂತರ 0.277 ಮಿ.ಮೀ. ಎಂದರೆ ಮುದ್ರಣದಲ್ಲೇ ನೂರಕ್ಕೆ ಹತ್ತರಷ್ಟು ತಪ್ಪಿದೆ. ಕಾಸಿಗೆ ತಕ್ಕ ಕಜ್ಜಾಯ. ಆದರೆ ತಪ್ಪನ್ನು ಕಿಟ್ಟಿನಿಂದಲೇ ಹಿಡಿಯಬಹುದು ಎನ್ನುವುದು ಇದರ ದೊಡ್ಡ ಗುಣ. ಜಗಳದ ನಡುವೆ ಒಬ್ಬರು ಎದ್ದು ಹೋಗಿ ಸ್ಕೇಲ್ ಹಿಡಿದರೆ ಉಳಿದವರು ತಾವಾಗಿ ಸುಮ್ಮನಾಗುತ್ತಾರೆ.

ಸ್ಲೈಡಿನ ಮೇಲೆ ಧೂಳು ಕೂತರೆ ಊದಿ ಅಥವಾ ಒಣ ಬ್ರಷ್ಷಿನಿಂದ ಝಾಡಿಸಿ. ಸ್ಯಾನಿಟೈಸರ್ ಹಚ್ಚಿ ಒರೆಸಿದರೆ ಸೀಳು ಮುದ್ರಿಸಿದ ಮಸಿಯೇ ಎದ್ದು ಬರುತ್ತದೆ.

ಇಲ್ಲಿಂದ ಪುಸ್ತಿಕೆಯ ಪುರಾಣ ಶುರು. "ಒಂದೊಂದೇ ಫೋಟಾನ್ ಎರಡೂ ಸೀಳಿನಿಂದ ಹಾಯುವುದನ್ನು ನೋಡಿ" ಎಂದು ಬರೆದಿದೆ. ಸುಳ್ಳು. ಲೇಸರ್ 5 ಮಿಲಿವಾಟ್ ಎಂದೇ ಹಿಡಿಯೋಣ. ಸೆಕೆಂಡಿಗೆ ಸುಮಾರು 16 ಸಾವಿರ ಲಕ್ಷ ಕೋಟಿ ಫೋಟಾನು ಹೊರಡುತ್ತವೆ. 3 ಮೀಟರ್ ದಾಟಲು ಬೆಳಕಿಗೆ 10 ನ್ಯಾನೊಸೆಕೆಂಡ್ ಬೇಕು. ಹಾಗಾದರೆ ಲೇಸರಿಗೂ ಗೋಡೆಗೂ ನಡುವೆ ಯಾವ ಕ್ಷಣದಲ್ಲೂ 16 ಕೋಟಿ ಫೋಟಾನಿನ ಜಾತ್ರೆ. ಒಂದಾದ ಮೇಲೊಂದು ಹಾಯಿಸಬೇಕೆಂದರೆ ಬೆಳಕನ್ನು ಹತ್ತಾರು ಕೋಟಿ ಪಟ್ಟು ಮಂಕು ಮಾಡಬೇಕು, ಆಮೇಲೆ ಕಣ್ಣಿಗೆ ಏನೂ ಕಾಣದು. ಜೆಫ್ರಿ ಟೇಲರ್ 1909ರಲ್ಲಿ ಮಾಡಿದ್ದು ಇದನ್ನೇ: ಮಸಿ ಹಿಡಿಸಿದ ಗಾಜುಗಳಿಂದ ಬೆಳಕನ್ನು ಕುಗ್ಗಿಸಿ, ಸೂಜಿಯೊಂದರ ನೆರಳನ್ನು ಫೋಟೊ ತಟ್ಟೆಯ ಮೇಲೆ ಹಿಡಿದರು. ಅತಿ ಮಂಕು ಬೆಳಕಿನ ಚಿತ್ರಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು, ಪಟ್ಟಿಗಳು ಮಾತ್ರ ಹಾಗೇ ಮೂಡಿದವು. ಎಲೆಕ್ಟ್ರಾನುಗಳು ಒಂದೊಂದೇ ಚುಕ್ಕೆಯಾಗಿ ಬಿದ್ದು ಕೊನೆಗೆ ಪಟ್ಟಿಯಾಗುವುದನ್ನು ಜಪಾನಿನ ತೊನೊಮುರಾ ತಂಡ 1989ರಲ್ಲಿ ತೋರಿಸಿತು. ಈ ಡಬ್ಬಿ ತೋರಿಸುವುದು 1800ರ ದಶಕದ ಆರಂಭದಲ್ಲಿ ಥಾಮಸ್ ಯಂಗ್ ವಾದಿಸಿದ್ದನ್ನು: ಬೆಳಕು ಅಲೆ. ಅಷ್ಟೇ. ಅದೇನು ಕಡಿಮೆಯಲ್ಲ, ಆದರೆ ಅದು ಕ್ವಾಂಟಮ್ ಅಲ್ಲ.

ಇನ್ನು "ನೋಡಿದರೆ ಪಟ್ಟಿ ಮಾಯ" ಎಂಬ ಪ್ರಸಂಗ, ಎಂದರೆ ಫೋಟಾನ್ ಯಾವ ಸೀಳಿನಿಂದ ಹಾಯಿತೆಂದು ಗುರುತು ಹಿಡಿದರೆ ಪಟ್ಟಿ ಮೂಡುವುದಿಲ್ಲ ಎನ್ನುವುದು. ಪುಸ್ತಿಕೆ ಎರಡು ಸೀಳಿನ ಮೇಲೂ ಬೇರೆ ಬೇರೆ ಪೋಲರಾಯ್ಡ್ ತುಂಡು ಅಂಟಿಸಿ ಎನ್ನುತ್ತದೆ. ಕಾಲು ಮಿಲಿಮೀಟರ್ ಅಂತರದ ಸೀಳಿಗೆ ಕೈಯಲ್ಲಿ ಫಿಲ್ಮ್ ಅಂಟಿಸುವವರು ಇದ್ದರೆ ಅವರನ್ನು ಬೀದರಿನ ಬಿದ್ರಿ ಕೆಲಸಕ್ಕೆ ಕಳಿಸಬೇಕು. ಆಗುವ ದಾರಿ ಬೇರೆ ಇದೆ. ಎಲೆಕ್ಟ್ರಿಕ್ ವೈರಿನೊಳಗಿನ ತಾಮ್ರದ ಒಂದು ಎಳೆಯನ್ನು, ಸುಮಾರು 0.2 ಮಿ.ಮೀ. ದಪ್ಪದ್ದು, ಲೇಸರ್ ಕಿರಣದ ನಟ್ಟನಡುವೆ ನೆಟ್ಟಗೆ ಎಳೆದು ಕಟ್ಟಿ. ಬೆಳಕು ಎಳೆಯ ಎರಡೂ ಬದಿಯಿಂದ ಬಾಗಿ ಬಂದು ಗೋಡೆಯ ಮೇಲೆ ಪಟ್ಟಿ ಮೂಡಿಸುತ್ತದೆ. ಈಗ ಒಂದು ಪೋಲರಾಯ್ಡನ್ನು ಬ್ಲೇಡಿನಿಂದ ಕತ್ತರಿಸಿ ಎರಡು ತುಂಡು ಮಾಡಿ, ಒಂದನ್ನು 90 ಡಿಗ್ರಿ ತಿರುಗಿಸಿ, ಅಂಚಿಗೆ ಅಂಚು ತಾಗಿಸಿ ಪಕ್ಕಕ್ಕೆ ಟೇಪ್ ಹಚ್ಚಿ. ಅಂಚು ಕೂಡಿದ ಗೆರೆ ಸರಿಯಾಗಿ ಎಳೆಯ ಬೆನ್ನಿಗೆ ಬರಬೇಕು. ಎಳೆಯ ನೆರಳಿನೊಳಗಿದ್ದ ನಡುವಿನ ಪಟ್ಟಿಗಳು ಅಳಿಸಿಹೋಗುತ್ತವೆ. ಕತ್ತರಿಸದ ಇನ್ನೊಂದು ಫಿಲ್ಮನ್ನು 45 ಡಿಗ್ರಿ ಓರೆಯಾಗಿ ಗೋಡೆಯ ಕಡೆ ಹಿಡಿದರೆ ಮಂಕಾಗಿ ಮರಳಿ ಬರುತ್ತವೆ.

ಇಲ್ಲಿ ಕೆಡುವುದು ಎರಡು ಕಾರಣಕ್ಕೆ. ಡಯೋಡ್ ಲೇಸರಿನ ಬೆಳಕು ಹುಟ್ಟುತ್ತಲೇ ಧ್ರುವೀಕರಣಗೊಂಡಿರುತ್ತದೆ, ಎಂದರೆ ಒಂದೇ ದಿಕ್ಕಿನಲ್ಲಿ ಅಲುಗುತ್ತದೆ. ಅದು ಒಂದು ತುಂಡಿನ ದಿಕ್ಕಿಗೇ ಹೊಂದಿಕೊಂಡರೆ ಇನ್ನೊಂದು ಬದಿ ಪೂರ್ತಿ ಕತ್ತಲೆ, ಪಟ್ಟಿ ಹೋದದ್ದು ಯಾಕೆಂದೇ ತಿಳಿಯದು. ಲೇಸರನ್ನು ತನ್ನ ಅಕ್ಷದ ಮೇಲೆ ತಿರುಗಿಸುತ್ತ ಎರಡೂ ಬದಿ ಸಮ ಬೆಳಕು ಬರುವಲ್ಲಿ ನಿಲ್ಲಿಸಿ. ಎರಡನೆಯದು, ಕತ್ತರಿಯಿಂದ ಕತ್ತರಿಸಿದ ಅಂಚು ಸುರುಳಿ ಏಳುತ್ತದೆ, ಹೊಸ ಬ್ಲೇಡೇ ಬೇಕು.

ಪಟ್ಟಿ ಅಳಿದದ್ದು ಯಾರೋ ನೋಡಿದ್ದಕ್ಕಲ್ಲ. ಎಡದ ಬೆಳಕು ಅಡ್ಡ ಅಲುಗುತ್ತದೆ, ಬಲದ್ದು ಉದ್ದ ಅಲುಗುತ್ತದೆ, ಎರಡೂ ಒಂದನ್ನೊಂದು ಕೂಡಲಾರವು, ಕಳೆಯಲಾರವು. ಅನುಮಾನವಿದ್ದವರು ಮೊಬೈಲನ್ನು ಗೋಡೆಗೆ ಮುಖ ಮಾಡಿ ಟೈಮರ್ ಹಾಕಿ, ಎಲ್ಲರೂ ಹೊರಗೆ ಹೋಗಿ ಚಹಾ ಕುಡಿದು ಬರಲಿ. ಖಾಲಿ ಕೋಣೆಯಲ್ಲಿ ತೆಗೆದ ಫೋಟೊದಲ್ಲೂ ಪಟ್ಟಿ ಇರುವುದಿಲ್ಲ. "ಫೋಟೊ ನಾವು ಆಮೇಲೆ ನೋಡಿದೆವಲ್ರಿ" ಎನ್ನುವವರು ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಯಾವ ಕಿಟ್ಟೂ ಸಾಲದು. ಕ್ವಾಂಟಮ್ ಲೆಕ್ಕದಲ್ಲೂ ಮಾತು ಇದೇ: ಹಾದಿಯ ಗುರುತು ಧ್ರುವೀಕರಣದಲ್ಲಿ ಉಳಿದರೆ ಪಟ್ಟಿ ಉಳಿಯುವುದಿಲ್ಲ, ಓದುವವರು ಇರಲಿ ಬಿಡಲಿ.

ಡಬ್ಬಿಯ ಬದಿಯಲ್ಲಿ 'ಎಂಟ್ಯಾಂಗಲ್‌ಮೆಂಟ್' ಎಂಬ ಮಾತೂ ಇದೆ, ಎರಡು ಕಣಗಳು ದೂರವಿದ್ದರೂ ಒಂದಕ್ಕೊಂದು ಹೆಣೆದುಕೊಂಡಿರುವುದು ಎಂದು ಅದರ ಅರ್ಥ. ಅದಕ್ಕೆ ಜೋಡಿ ಫೋಟಾನು ಹುಟ್ಟಿಸುವ ಸ್ಫಟಿಕ, ಒಂದೊಂದನ್ನೂ ಎಣಿಸುವ ಎರಡು ಡಿಟೆಕ್ಟರ್ ಬೇಕು. ಆ ಹೆಣಿಗೆಯನ್ನು ಒರೆಗೆ ಹಚ್ಚಲು 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ಕೊಟ್ಟ ಅಸಮತೆ ಎಂಬ ಲೆಕ್ಕವನ್ನು ಪ್ರಯೋಗಕ್ಕೆ ಒಡ್ಡಿದ ಕೆಲಸಕ್ಕೆ ಅಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಎರಡು ಸಾವಿರ ರೂಪಾಯಿಯ ಡಬ್ಬಿಯಲ್ಲಿ ಅದು ಕೂಡುವುದಿಲ್ಲ.

ಮೂರು ಪೋಲರಾಯ್ಡಿನ ಆಟ ಮಾತ್ರ ಸೊಗಸು (ಫಿಲ್ಮ್ ಕತ್ತರಿಸುವ ಮೊದಲೇ ಇದನ್ನು ಮಾಡಿಕೊಳ್ಳಿ). ಎರಡನ್ನು ಅಡ್ಡಡ್ಡ ಇಟ್ಟರೆ ಟಾರ್ಚಿನ ಬೆಳಕು ನಿಲ್ಲುತ್ತದೆ. ನಡುವೆ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ತೂರಿಸಿದರೆ ಬೆಳಕು ಬರುತ್ತದೆ. ತಡೆ ಹೆಚ್ಚಿಸಿದರೆ ಬೆಳಕು ಹೆಚ್ಚಿತು! ಆದರ್ಶ ಫಿಲ್ಮಿಗೆ ಲೆಕ್ಕ ನೂರಕ್ಕೆ 12.5, ಇಂಥ ಫಿಲ್ಮಿನಲ್ಲಿ ಆರೇಳು ಸಿಕ್ಕರೆ ಸರಿ, ಏಕೆಂದರೆ ಪ್ರತಿಯೊಂದೂ ಸ್ವಲ್ಪ ಬೆಳಕು ನುಂಗುತ್ತದೆ. ಇದಕ್ಕೆ ಲೇಸರ್ ಬೇಡ, ಮೊಬೈಲ್ ಟಾರ್ಚ್ ಸಾಕು. ಫಿಲ್ಮುಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಹಪ್ಪಳದಂತೆ ಸುರುಟುತ್ತವೆ.

ಫೋಟಾನಿನ ಕಡೆಗೆ ನಿಜವಾಗಿ ಕೈ ಹಾಕುವುದು ಎಲ್‌ಇಡಿ ಭಾಗ. ಪುಸ್ತಿಕೆಯಲ್ಲಿ ಅದಕ್ಕೆ ಅರ್ಧ ಪುಟ! ಎಲ್‌ಇಡಿ ಕಣ್ಣಿಗೆ ಉರಿಯತೊಡಗಿದ ವೋಲ್ಟೇಜ್ ಬರೆದುಕೊಳ್ಳಿ ಎಂಬ ಸೂಚನೆಯೇ ತಪ್ಪು, ಅದು ಕೋಣೆಯ ಬೆಳಕಿನ ಮೇಲೆ, ನೋಡುವವರ ವಯಸ್ಸಿನ ಮೇಲೆ ಬದಲಾಗುತ್ತದೆ. ಎಲ್‌ಇಡಿಗೆ ಸರಣಿಯಲ್ಲಿ 1 ಕಿಲೋ-ಓಮ್ ರೆಸಿಸ್ಟರ್ ಸೇರಿಸಿ (ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ). ಆ ರೆಸಿಸ್ಟರಿನ ಮೇಲೆ ಮಲ್ಟಿಮೀಟರ್ 10 ಮಿಲಿವೋಲ್ಟ್ ತೋರಿಸುವ ತನಕ ಪೊಟೆನ್ಶಿಯೊಮೀಟರ್ ತಿರುಗಿಸಿ. ಆಗ ಹರಿಯುವುದು 10 ಮೈಕ್ರೊಆಂಪ್. ಆ ಹೊತ್ತಿನ ಎಲ್‌ಇಡಿ ವೋಲ್ಟೇಜ್ ಬರೆದುಕೊಳ್ಳಿ. ಅಳೆಯುವ ಎಲ್ಲ ಬಣ್ಣಕ್ಕೂ ಇದೇ ಕರೆಂಟು ಇರಬೇಕು. ಸೆಲ್ಲು ಹಳೆಯದಾಗಿದ್ದರೆ ನೀಲಿಗೆ ಎರಡು ಸಾಲುವುದು ಅನುಮಾನ, ಮೂರು ಹಾಕಿ.

ಪರೀಕ್ಷೆಯಲ್ಲಿ 630 ನ್ಯಾನೊಮೀಟರಿನ ಕೆಂಪಿಗೆ 1.60 ವೋಲ್ಟ್, 470ರ ನೀಲಿಗೆ 2.32 ವೋಲ್ಟ್. ಒಂದೊಂದನ್ನೇ ಎಲೆಕ್ಟ್ರಾನಿನ ವಿದ್ಯುದಂಶದಿಂದ ಗುಣಿಸಿ ಆವರ್ತನದಿಂದ ಭಾಗಿಸಿದರೆ ಪ್ಲ್ಯಾಂಕ್ ಸ್ಥಿರಾಂಕ (ಫೋಟಾನಿನ ಶಕ್ತಿಯನ್ನು ಅದರ ಆವರ್ತನದಿಂದ ಭಾಗಿಸಿದರೆ ಸಿಗುವ ಸಂಖ್ಯೆ) 5.4 × 10⁻³⁴, 5.8 × 10⁻³⁴ ಎಂದು ಕಡಿಮೆ ಬರುತ್ತದೆ. ವೋಲ್ಟೇಜಿನ ವ್ಯತ್ಯಾಸ 0.72ನ್ನು ಹಾಗೇ ಗುಣಿಸಿ ಆವರ್ತನದ ವ್ಯತ್ಯಾಸದಿಂದ ಭಾಗಿಸಿದರೆ 7.1 × 10⁻³⁴ ಜೌಲ್-ಸೆಕೆಂಡ್. ನಿಜವಾದದ್ದು 6.63. ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ, ಏಕೆಂದರೆ ಕೆಂಪು, ನೀಲಿ ಎರಡರ ಅರೆವಾಹಕ ಬೇರೆ ಬೇರೆ, ಎಲ್‌ಇಡಿ ಚಾಲೂ ಆಗುವುದು ಸ್ವಿಚ್ಚಿನಂತೆ ಠಕ್ಕನೆ ಅಲ್ಲ. ಹಸಿರಿನ ಅಳತೆ ಈ ಲೆಕ್ಕಕ್ಕೆ ಹೊಂದದಿದ್ದರೆ ಗಾಬರಿ ಬೇಡ. ಡಬ್ಬಿಯ ನಾಲ್ಕನೆಯದು ಬಿಳಿ ಎಲ್‌ಇಡಿ, ಅದನ್ನು ಬಿಟ್ಟೇಬಿಡಿ: ಅದು ಫಾಸ್ಫರ್ ಲೇಪಿಸಿದ ನೀಲಿ, ಅದಕ್ಕೊಂದು ತರಂಗಾಂತರವೇ ಇಲ್ಲ. ತಯಾರಕರಿಗೆ ಇದು ಗೊತ್ತಿರಬೇಕಿತ್ತು.

ಕಪ್ಪುಕುಳಿಯ ಚಿತ್ರ ನೋಡಿ ಡಬ್ಬಿ ಕೊಂಡವರಿಗೆ ಸಮಾಧಾನ ಬೇಕಿದ್ದರೆ ಒಂದು ಮಾತಿದೆ. ಬೀದರಿನಿಂದ ಉದಗೀರ, ನಾಂದೇಡ ದಾಟಿದರೆ ಹಿಂಗೋಲಿ ಜಿಲ್ಲೆ. ಅಲ್ಲಿ ಬರಲಿರುವ ಲೈಗೊ-ಇಂಡಿಯಾಗೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. 4 ಕಿಲೋಮೀಟರ್ ಉದ್ದದ ಎರಡು ತೋಳುಗಳಲ್ಲಿ ಲೇಸರ್ ಓಡಾಡಿ ಬಂದು ಕೂಡುವಾಗಿನ ವ್ಯತಿಕರಣವೇ (ಅಲೆಗಳು ಒಂದನ್ನೊಂದು ಕೂಡುವುದು, ಕಳೆಯುವುದು) ಅಲ್ಲೂ ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಏಳುವ ಗುರುತ್ವದ ಅಲೆಯನ್ನು ಹಿಡಿಯುವ ಉಪಾಯ. ಗೋಡೆಯ ಮೇಲಿನ ಪಟ್ಟಿಗಳಿಗೂ ಅದಕ್ಕೂ ನೆಂಟಸ್ತಿಕೆ ಅಷ್ಟು.

ಕೊಳ್ಳಬೇಕೆ? ಕೂಟದಲ್ಲಿ ಒಬ್ಬರಿಗಾದರೂ ಮಲ್ಟಿಮೀಟರ್ ಹಿಡಿದು ರೂಢಿಯಿದ್ದರೆ ಕೊಳ್ಳಬಹುದು, ಪುಸ್ತಿಕೆ ಪಕ್ಕಕ್ಕಿಟ್ಟು. ದುಡ್ಡು ಉಳಿಸುವವರು ಲೇಸರ್, ಗ್ರೇಟಿಂಗ್ ಬಿಡಿಯಾಗಿ ತರಿಸಬಹುದು. ಗ್ರೇಟಿಂಗ್ ಬದಲು ಹಳೆಯ ಸಿಡಿ ನಡೆಯುತ್ತದೆ, ಅದರ ಗೆರೆಗಳ ಅಂತರ 1.6 ಮೈಕ್ರೊಮೀಟರ್, ನೇರ ಬಿದ್ದ ಕೆಂಪು ಲೇಸರನ್ನು ಸುಮಾರು 24 ಡಿಗ್ರಿಗೆ ತಿರುಗಿಸುತ್ತದೆ. 0.74 ಮೈಕ್ರೊಮೀಟರಿನ ಡಿವಿಡಿ 60 ಡಿಗ್ರಿ ದಾಟಿಸುತ್ತದೆ. ಪೋಲರಾಯ್ಡ್ ತುಂಡು ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಲ್ಲಿ ಸಿಗುತ್ತದೆ. ಹಸಿರು ಲೇಸರ್ ಹೆಚ್ಚು ಹೊಳೆಯುತ್ತದೆಂದು ಸಂತೆಯ ಪಾಯಿಂಟರ್ ಮಾತ್ರ ತರಬೇಡಿ. ಅಗ್ಗದವುಗಳಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣ ಸೋಸದೆ ಹೊರಬರುತ್ತದೆ. ಕೆಂಪಾದರೂ ಕಿರಣ ಕೂತವರ ಕಣ್ಣಿನ ಮಟ್ಟದಲ್ಲಿ ಇರಬಾರದು, ಮಿರ್ಚಿಯ ಸ್ಟೀಲ್ ತಟ್ಟೆಯನ್ನು ಅದರ ದಾರಿಯಿಂದ ಸರಿಸಿಡಿ. ಕರೆಂಟ್ ಹೋದರೆ ಎಲ್ಲ ಸೆಲ್ಲಿನ ಮೇಲೆ ನಡೆಯುತ್ತದೆ, ಕತ್ತಲಲ್ಲಿ ಐದನೆಯ ಪಟ್ಟಿ ಇನ್ನೂ ಚೊಕ್ಕ ಕಾಣುತ್ತದೆ.