ಆಫರ್ ಬಂದ ಖುಷಿಯಲ್ಲಿ ಸಹಿ ಹಾಕಬೇಡಿ, ನಾನು ಹಾಕಿ ಕೆಟ್ಟೆ

ದೊಡ್ಡ ಟೆಕ್ ಕಂಪನಿಯಿಂದ ಆಫರ್ ಬಂದಿದೆ ಅಂತ ಕುಣಿಯುತ್ತಿರುವವರು ಮೊದಲು ಇದನ್ನು ಓದಿ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ಎಂಟು ವರ್ಷ ಕೋಡ್ ಬರೆದವನು ನಾನು. ಸೀನಿಯರ್ ಹುದ್ದೆಗೆ ಅಂತ ಕರೆದರು, ಐದು ರೌಂಡ್ ಇಂಟರ್‌ವ್ಯೂ ಮಾಡಿದರು, ಕೊನೆಗೆ ರಿಕ್ರೂಟರ್ ಫೋನ್ ಮಾಡಿ "ಒಂದು ಲೆವೆಲ್ ಕೆಳಗೆ ಕೊಡುತ್ತಿದ್ದೇವೆ, ತಲೆ ಕೆಡಿಸಿಕೊಳ್ಳಬೇಡಿ ಸರ್, ಒಳಗೆ ಬಂದರೆ ವರ್ಷದೊಳಗೆ ಪ್ರಮೋಷನ್ ಗ್ಯಾರಂಟಿ" ಅಂದರು. ಸಂಬಳದ ಜೊತೆಗೆ ಕೊಡುವ ಕಂಪನಿ ಷೇರು? "ನಾಲ್ಕು ವರ್ಷದಲ್ಲಿ ಬರುತ್ತದೆ ಸರ್." ನಾನು ಆ ಮೊತ್ತವನ್ನು ನಾಲ್ಕರಿಂದ ಭಾಗಿಸಿ, ಸಂಬಳಕ್ಕೆ ಕೂಡಿಸಿ, ಸಿಕ್ಕಸಿಕ್ಕವರಿಗೆಲ್ಲಾ ಹೇಳಿಕೊಂಡು ತಿರುಗಿದೆ.

ಭಾಗಿಸಬಾರದಿತ್ತು. ಷೇರು ಕೈಗೆ ಬರುವ ಲೆಕ್ಕ 5, 15, 40, 40. ಮೊದಲ ವರ್ಷ ಶೇ. 5 ಮಾತ್ರ! ನೂರರಲ್ಲಿ ಎಂಬತ್ತು ಭಾಗ ಮೂರನೇ ಮತ್ತು ನಾಲ್ಕನೇ ವರ್ಷಕ್ಕೆ, ಅಲ್ಲಿಯವರೆಗೆ ಉಳಿದುಕೊಂಡರೆ ತಾನೆ. ಇದೇನೂ ಮುಚ್ಚಿಟ್ಟಿದ್ದಲ್ಲ, ಆಫರ್ ಲೆಟರ್‌ನಲ್ಲೇ ಇತ್ತು. ಬೇರೆಯವರ ಕೋಡ್ ರಿವ್ಯೂನಲ್ಲಿ ಒಂದು ಬ್ರಾಕೆಟ್ ತಪ್ಪಿದರೂ ಹಿಡಿಯುವ ನಾನು ನನ್ನದೇ ಪತ್ರದ ಮೂರನೇ ಪುಟ ಓದಿರಲಿಲ್ಲ.

ಎಂಟನೇ ತಿಂಗಳಲ್ಲಿ ಮ್ಯಾನೇಜರ್ ಹತ್ತಿರ ಪ್ರಮೋಷನ್ ಮಾತು ಎತ್ತಿದೆ. ಅವರು ಲ್ಯಾಪ್‌ಟಾಪ್‌ನಿಂದ ಕಣ್ಣು ಕೂಡ ತೆಗೆಯದೆ "ಯಾರು ಹೇಳಿದ್ದು, ರಿಕ್ರೂಟರಾ?" ಅಂತ ನಕ್ಕರು. ನಕ್ಕರು! "ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ. ತೀರ್ಮಾನ ಕಮಿಟಿಯದ್ದು. ಮುಂದಿನ ಲೆವೆಲ್‌ನ ಕೆಲಸ ಈಗಲೇ ಮಾಡಿ ತೋರಿಸಬೇಕು." ಏನು ತೋರಿಸುವುದು? ನನಗೆ ಕೊಟ್ಟಿದ್ದು ಯಾರೂ ಮುಟ್ಟದ ಹಳೇ ಸಾಫ್ಟ್‌ವೇರ್ ಸರ್ವಿಸ್, ಆನ್‌ಕಾಲ್ ವಾರ (ಅದು ಕೆಟ್ಟರೆ ಯಾವ ಹೊತ್ತಿನಲ್ಲೂ ನಾನೇ ನೋಡಬೇಕಾದ ಸರದಿ) ಬಂದರೆ ರಾತ್ರಿ ಮೂರು ಗಂಟೆಗೆ ಅಲರ್ಟ್ ಬಡಿದುಕೊಳ್ಳುತ್ತದೆ, ಎದ್ದು ಸರಿಮಾಡಿ ಮಲಗಿದರೆ ಮತ್ತೆ ಬಡಿದುಕೊಳ್ಳುತ್ತದೆ. ಅದನ್ನು ಯಾವ ಕಮಿಟಿಯೂ ಇಂಪ್ಯಾಕ್ಟ್ ಅನ್ನುವುದಿಲ್ಲ. ಅಷ್ಟರಲ್ಲಿ ರೀಆರ್ಗ್, ಅಂದರೆ ತಂಡಗಳ ಅದಲುಬದಲು, ಆಗಿ ಆ ಮ್ಯಾನೇಜರೂ ಹೋದರು. ಹೊಸಬರು "ನಿಮ್ಮ ಕೆಲಸ ನನಗೆ ಗೊತ್ತಿಲ್ಲವಲ್ಲ, ಇನ್ನೆರಡು ಕ್ವಾರ್ಟರ್ ನೋಡೋಣ" ಅಂದರು, ಅಂದರೆ ಇನ್ನೂ ಆರು ತಿಂಗಳು.

ರಿಕ್ರೂಟರ್‌ಗೆ ಮೆಸೇಜ್ ಹಾಕಿದೆ. ಮೂರು ದಿನ ಬಿಟ್ಟು ಉತ್ತರ ಬಂತು: "ನಾನು ಈಗ ಆ ಕಂಪನಿಯಲ್ಲಿಲ್ಲ. ಆಲ್ ದಿ ಬೆಸ್ಟ್!" ಎಚ್‌ಆರ್ ಅಂತೂ ಒಂದೇ ಸಾಲು, "ಬರವಣಿಗೆಯಲ್ಲಿ ಇದೆಯಾ?" ಇಲ್ಲ. ಬಿಟ್ಟು ಹೋಗುತ್ತೇನೆ ಎಂದರೆ, ವರ್ಷ ತುಂಬುವ ಮೊದಲು ಬಿಟ್ಟರೆ ಜಾಯಿನಿಂಗ್ ಬೋನಸ್ ವಾಪಸ್ ಕೊಡಬೇಕಂತೆ. ಅದು ಎಲ್ಲಿತ್ತು? ಅದೂ ನಾನು ಓದದ ಆ ಪತ್ರದಲ್ಲೇ. ಹಲ್ಲು ಕಚ್ಚಿಕೊಂಡು ವರ್ಷ ತುಂಬಿಸಿ ಬಂದೆ. ಸಿಕ್ಕಿದ್ದು ಆ ಶೇ. 5, ಅದರಲ್ಲೂ ತೆರಿಗೆ ಕಳೆದು.

ಫೋನಿನಲ್ಲಿ ಹೇಳಿದ್ದನ್ನೆಲ್ಲಾ ಇಮೇಲ್‌ನಲ್ಲಿ ಕೇಳಿ, ಬರೆದು ಕೊಡದಿದ್ದರೆ ಸುಳ್ಳು ಅಂತಲೇ ತಿಳಿಯಿರಿ. ಷೇರು ಯಾವ ವರ್ಷ ಎಷ್ಟು ಅಂತ ನೀವೇ ಕೂತು ಲೆಕ್ಕ ಹಾಕಿ. ಲೆವೆಲ್‌ಗೆ ಜಗಳ ಆಡುವುದಿದ್ದರೆ ಸೇರುವ ಮೊದಲೇ ಆಡಿ. ಜಾಯಿನಿಂಗ್ ಬೋನಸ್ ಮಾತ್ರ ವರ್ಷ ತುಂಬುವವರೆಗೆ ಮುಟ್ಟಬೇಡಿ, ನಾನು ಅದರಲ್ಲಿ ಸಾಲ ತೀರಿಸಿ ಸಿಕ್ಕಿಬಿದ್ದೆ.